ಮೂಡೆ ತೊಟ್ಟ ಲೆನ್ಸು

ಯಾವುದೇ ವಸ್ತು ಕಂಡರೂ "ಇದನ್ನು ಮನೆಯಲ್ಲೇ ಮಾಡಬಹುದು" ಎಂದು ಹೊರಡುವ ಗಂಡಸಿನಷ್ಟು ಅಪಾಯಕಾರಿ ಪ್ರಾಣಿ ಸಂಸಾರದಲ್ಲಿ ಇನ್ನೊಂದಿಲ್ಲ. ನಾನು ಆ ಜಾತಿಯವನು. ನನ್ನ ಪರವಾಗಿ ಹೇಳಬಹುದಾದದ್ದು ಇಷ್ಟೇ, ನನಗೆ ಬೇಕಾದ ವಸ್ತು ಯಾವ ಅಂಗಡಿಯಲ್ಲೂ ಸಿಗುತ್ತಿರಲಿಲ್ಲ.

ನಮ್ಮ ಆಫೀಸಿನ ಹಿರಿಯರೊಬ್ಬರು ನಿವೃತ್ತರಾಗುವಾಗ ತಮ್ಮ ಹಳೆಯ ಟೆಲಿಫೋಟೋ ಲೆನ್ಸನ್ನು ನನಗೆ ಕೊಟ್ಟು ಹೋದರು. ನನ್ನ ಮದುವೆಗಿಂತ ಹಿರಿಯದು, ರುಬ್ಬುವ ಗುಂಡಿನಷ್ಟು ಭಾರ. ಅದರ ಮೂತಿಗೆ ಹಾಕುವ ಹುಡ್ ಮಾತ್ರ ಎಂದೋ ಕಳೆದುಹೋಗಿತ್ತು. ಬಿಸಿಲಿಗೆ ನಾವು ಹಣೆಗೆ ಕೈ ಅಡ್ಡ ಹಿಡಿಯುತ್ತೇವಲ್ಲ, ಹುಡ್ ಮಾಡುವುದೂ ಅದೇ ಕೆಲಸ. ಅದಿಲ್ಲದೆ ಓರೆ ಬಿಸಿಲು ಗಾಜಿಗೆ ಬಡಿದು, ನಾನು ತೆಗೆದ ಫ್ಲೆಮಿಂಗೋ ಹಕ್ಕಿಗಳೆಲ್ಲ ನೀರು ಮಜ್ಜಿಗೆಯಲ್ಲಿ ಅದ್ದಿದಂತೆ ಕಾಣುತ್ತಿದ್ದವು. ಮುಂಬಯಿ ಹತ್ತಿರದ ಡೊಂಬಿವಲಿಯ ನಮ್ಮ ಮನೆಯ ಹಾಲ್‌ನಲ್ಲಿ ಗಡಿಯಾರ ಕೆಟ್ಟು ಹೋದ ಮೇಲೆ ಒಂದು ಮೊಳೆ ಖಾಲಿ ಇತ್ತು. ಅಲ್ಲಿ ನನ್ನದೊಂದು ಫೋಟೋ ತೂಗಬೇಕೆಂಬುದು ನನ್ನ ಬಾಳಿನ ದೊಡ್ಡ ಆಸೆ. ಹೆಂಡತಿ ಸುಮತಿ ಒಂದೇ ಷರತ್ತು ಹಾಕಿದ್ದಳು. "ಹೊಗೆ ಇಲ್ಲದ ಒಂದು ಫೋಟೋ ತನ್ನಿ ಮಾರಾಯ್ರೆ, ಆ ಮೊಳೆ ನಿಮ್ಗೇ."

ಮೊದಲು ಕ್ಯಾಲೆಂಡರ್ ಸುತ್ತಿ ಬಂದ ರಟ್ಟಿನ ಕೊಳವೆ ಸಿಕ್ಕಿಸಿದೆ. ಉದ್ದ ಹೆಚ್ಚಾಗಿ, ಫೋಟೋದ ನಾಲ್ಕು ಮೂಲೆಯೂ ಕಪ್ಪಾಯಿತು. ಸ್ಟೀಲ್ ಲೋಟದ ತಳ ಕತ್ತರಿಸಿದೆ. ಅದರ ಒಳಗೋಡೆ ಹೊಳೆದು ಬಿಸಿಲು ಇಮ್ಮಡಿಯಾಯಿತು, ಮನೆಯಲ್ಲಿ ಒಂದು ಲೋಟ ಕಡಿಮೆಯಾಯಿತು. "ಪಪ್ಪಾ, ಬಸ್ ಕರೋ ನಾ" ಎಂದಳು ಮಗಳು, ಸಾಕು ಮಾಡಿ ಎಂದು.

ಅಷ್ಟರಲ್ಲಿ ಅಷ್ಟಮಿ ಬಂತು. ನಾವು ಉಡುಪಿ ಕಡೆಯವರು, ಹಬ್ಬಕ್ಕೆ ಮೂಡೆ ಆಗಲೇಬೇಕು. ಕೇದಗೆ ಜಾತಿಯ ಉದ್ದ ಎಲೆಯ ಮುಳ್ಳು ತೆಗೆದು, ಬೆಂಕಿಗೆ ಬಾಡಿಸಿ, ಸುರುಳಿ ಸುತ್ತಿ ಕಡ್ಡಿ ಚುಚ್ಚಿದರೆ ಕೊಟ್ಟೆ ತಯಾರು. ಅದರಲ್ಲಿ ಇಡ್ಲಿ ಹಿಟ್ಟು ಹೊಯ್ದು ಬೇಯಿಸಿದ್ದೇ ಮೂಡೆ. ಸುಮತಿ ಸುತ್ತಿಟ್ಟ ಕೊಟ್ಟೆಯೊಂದನ್ನು ಸುಮ್ಮನೆ ಲೆನ್ಸಿಗೆ ಹಿಡಿದು ನೋಡಿದೆ. ತುಸು ಸಡಿಲ, ಆದರೂ ಕೂತಿತು! ತಳವನ್ನು ಆಮೇಲೆ ಕತ್ತರಿಸಿದರಾಯಿತು. ಒಳಗೆ ಹೊಳೆಯಬಾರದೆಂದು ದೇವರ ದೀಪದ ಮಸಿಗೆ ಎಣ್ಣೆ ಕಲಸಿ ಬಳಿದು, ಒಣಗಲೆಂದು ಎಲ್ಲಿಟ್ಟೆ? ಉಳಿದ ಕೊಟ್ಟೆಗಳ ಸಾಲಿನಲ್ಲೇ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ!

ಮರುದಿನ ಊಟದ ಎಲೆಯ ಮೇಲೆ ಸುಮತಿ ಬಿಚ್ಚಿದ ಮೂಡೆ ಕರ್ರಗಿತ್ತು. ಅವಳು ಮೂಡೆಯನ್ನು ನೋಡಿದಳು, ನನ್ನನ್ನು ನೋಡಿದಳು. "ಎಂತ ಇದು?"

"ಕೃಷ್ಣನ ಹಬ್ಬ ಅಲ್ವಾ" ಎಂದೆ. 

ಲೆನ್ಸನ್ನು ಕಪಾಟಿಗೆ ಸೇರಿಸಿದೆ. ಮೊಳೆಯ ಆಸೆ ಬಿಟ್ಟೇಬಿಟ್ಟೆ. ಮೂರನೆಯ ದಿನ ಅವಳೇ ಉಳಿದ ಎಲೆ ಹಿಡಿದು ಬಂದು ಕೂತಳು. "ಲೆನ್ಸ್ ತನ್ನಿ ಇಲ್ಲಿ. ಅಳತೆ ನೋಡದೆ ಸುತ್ತಿದ್ರೆ ನಿಲ್ತದಾ?" ಲೆನ್ಸಿನ ಮೂತಿಗೇ ಎಲೆ ಸುತ್ತಿ, ಬೇಕಾದಷ್ಟೇ ಉದ್ದ ಬಿಟ್ಟು ಕಡ್ಡಿ ಚುಚ್ಚಿದಳು. ಮಸಿಯನ್ನೂ ತಾನೇ ಬಳಿದಳು. ನನಗೆ ಕಣ್ಣು ತುಂಬಿ ಬಂತು, ಮಸಿ ತಾಗಿತು ಎಂದು ಸುಳ್ಳು ಹೇಳಿದೆ.

ಚಳಿಗಾಲದಲ್ಲಿ ಹಕ್ಕಿಗಳು ಬಂದ ಮೇಲೆ ಒಂದು ಬೆಳಿಗ್ಗೆ ಇಬ್ಬರೂ ಐರೋಲಿಯ ಖಾಡಿಗೆ, ಅಂದರೆ ಸಮುದ್ರದ ಹಿನ್ನೀರಿನ ದಂಡೆಗೆ, ಹೋದೆವು. ಕೆಸರಿನ ತುಂಬ ಗುಲಾಬಿ ಬಣ್ಣ. ಆದರೆ ಅಷ್ಟು ದಿನದಲ್ಲಿ ಎಲೆ ಒಣಗಿ ಹುಡ್ ಮತ್ತೆ ಸಡಿಲವಾಗಿತ್ತು. ಗಾಳಿಗೆ ಹಾರಬಾರದೆಂದು ಒಂದು ಕೈಯಲ್ಲಿ ಅದನ್ನು, ಇನ್ನೊಂದರಲ್ಲಿ ಲೆನ್ಸಿನ ಭಾರವನ್ನು ಹಿಡಿದೆ. ಬಟನ್ ಒತ್ತಲು ಮೂರನೆಯ ಕೈ ಎಲ್ಲಿಂದ ತರಲಿ? "ಸುಮತೀ, ನೋಡು, ಒತ್ತು!" ಎಂದು ಕಿರುಚಿದೆ. ಅವಳು ಕಣ್ಣಿಟ್ಟು ನೋಡಿದಳು, ಅವಸರ ಮಾಡದೆ ಒತ್ತಿದಳು.

ಫೋಟೋದಲ್ಲಿ ಹೊಗೆಯ ಸುಳಿವಿಲ್ಲ, ಗರಿ ಗರಿಯೂ ಸ್ಪಷ್ಟ. ಈಗ ಅದು ಹಾಲ್‌ನ ಆ ಮೊಳೆಯಲ್ಲೇ ತೂಗುತ್ತಿದೆ. ಬಂದವರು ಯಾರು ತೆಗೆದದ್ದೆಂದು ಕೇಳಿದರೆ ಸುಮತಿ ಮುಚ್ಚುಮರೆಯಿಲ್ಲದೆ ಹೇಳುತ್ತಾಳೆ. "ನಾನೇ. ಇವ್ರು ಮೂಡೆ ಹಿಡ್ಕೊಂಡಿದ್ರು."

ಮಾತು ಸತ್ಯವೇ ಆದ್ದರಿಂದ ನಾನು ತಲೆಯಾಡಿಸುತ್ತೇನೆ. ನಿನ್ನೆ ಪಕ್ಕದ ಮನೆಯಿಂದ ಸುತ್ತಿಗೆ ತಂದು, ಆ ಫೋಟೋದ ಪಕ್ಕದಲ್ಲೇ ಇನ್ನೊಂದು ಮೊಳೆ ಹೊಡೆದಿದ್ದೇನೆ.