ಸೀಗಡಿ ಬಣ್ಣದ ಗಿಳಿ

ಒಂದೇ ರಾತ್ರಿಯಲ್ಲಿ ತೊಂಬತ್ತು ಸಾವಿರ ಮಣಿ ಹೊಲಿದವನು ನಾನು. ಅದೂ ಎಡಗೈಯಲ್ಲಿ; ಬಲಗೈಯಲ್ಲಿ ತಾಳಕ್ಕೆ ಟಾಂಬೊರಿನ್ ಹಿಡಿದಿದ್ದೆ. ಕಣ್ಣು ಮುಚ್ಚಿತ್ತು, ಏಕೆಂದರೆ ಒಳ್ಳೆಯ ನಿದ್ದೆ ಹತ್ತಿತ್ತು. ಬೆಳಿಗ್ಗೆ ಆ ಸೂಟನ್ನು ಬಿಸಿಲಿಗೆ ಹಿಡಿದಾಗ ಮಿಸಿಸಿಪ್ಪಿ ನದಿಯಲ್ಲಿ ಹೋಗುತ್ತಿದ್ದ ಹಡಗೊಂದು ಅದನ್ನೇ ದೀಪಸ್ತಂಭವೆಂದು ತಿಳಿದು ನಮ್ಮ ಬೀದಿಯ ಕಡೆ ತಿರುಗಿತು. ನಂಬದವರು ಹಡಗಿನ ಕಪ್ತಾನನನ್ನು ಕೇಳಬಹುದು. ಅವನು ತೀರಿಕೊಂಡು ಬಹಳ ವರ್ಷವಾಯಿತು, ಅದು ಬೇರೆ ಮಾತು.

ಆದರೆ ಈ ಕತೆ ನನ್ನದಲ್ಲ, ಏಳನೇ ವಾರ್ಡಿನ ಕ್ಲೋವಿಸ್‌ನದು. ನಡೆದು ಒಂಬತ್ತು ವರ್ಷವಾಯಿತು.

ನ್ಯೂ ಆರ್ಲಿಯನ್ಸಿನ ನಮ್ಮ ಕಪ್ಪು ಜನರ ಓಣಿಗಳಲ್ಲಿ ವರ್ಷವೆಂದರೆ ಹೊಲಿಗೆ. ಮಾರ್ಡಿ ಗ್ರಾ ಹಬ್ಬದ ಒಂದು ಬೆಳಿಗ್ಗೆ ಮೂಲನಿವಾಸಿ ನಾಯಕರ ವೇಷ ಕಟ್ಟಿ, ಡೋಲು ಬಾರಿಸಿ ಹಾಡುತ್ತ ಬೀದಿಗಿಳಿಯುವುದಕ್ಕೆ ಮುನ್ನೂರ ಅರವತ್ತನಾಲ್ಕು ದಿನ ಮಣಿ ಹೊಲಿಯುತ್ತೇವೆ, ಗರಿ ಕಟ್ಟುತ್ತೇವೆ. ಆ ದಿನ ಎರಡು ತಂಡ ಎದುರಾದರೆ ಹೊಡೆದಾಟವಿಲ್ಲ. ಯಾರ ಸೂಟು ಚೆಂದ ಅನ್ನುವುದೊಂದೇ ಜಗಳ. ಅದಕ್ಕೇ ಈ ಸಲದ ಬಣ್ಣ ಯಾವುದೆಂದು ಆ ಬೆಳಿಗ್ಗೆಯ ತನಕ ತಂಡದ ಹೊರಗೆ ಒಂದು ನೊಣಕ್ಕೂ ಗೊತ್ತಾಗಬಾರದು. ಅದನ್ನು ಬಾಯಿಬಿಟ್ಟು ಕೇಳುವವನಿಗಿಂತ ದೊಡ್ಡ ಅಸಭ್ಯ ನಮ್ಮಲ್ಲಿ ಇಲ್ಲ.

ಕ್ಲೋವಿಸ್ ಆ ವರ್ಷ 'ಕಾಡು ಗುಡುಗು' ತಂಡದ ಬೇಹುಗಾರ. ಎಂದರೆ ಎಲ್ಲರಿಗಿಂತ ಎರಡು ಬೀದಿ ಮುಂದೆ ನಡೆದು, ಎದುರಿನಿಂದ ಬೇರೆ ತಂಡ ಬರುತ್ತಿದೆಯೇ ನೋಡಿ ಹಿಂದಕ್ಕೆ ಸನ್ನೆ ಮಾಡುವವನು. ಹನ್ನೊಂದು ವರ್ಷ ಕಾದ ಮೇಲೆ ಸಿಕ್ಕ ಜಾಗ. ತಂಡದ ಚೀಫು ಅಲ್ಸೈಡ್ ಅವನ ಸೋದರಮಾವ. ಅಲ್ಸೈಡನ ತಾಯಿ ಗಾಡಿಯಲ್ಲಿ ಬೇಯಿಸಿದ ಸೀಗಡಿ ಮಾರಿ ಮಕ್ಕಳನ್ನು ಸಾಕಿದವಳು. ಅವಳ ನೆನಪಿಗೆ ಆ ವರ್ಷ ಬೇಯಿಸಿದ ಸೀಗಡಿಯ ಬಣ್ಣ. ಚೀಫಿನ ಎದೆಯ ಮೇಲೆ ಮಣಿಯಲ್ಲಿ ತಾಯಿ, ಅವಳ ಗಾಡಿ, ಗಾಡಿಯ ಮೇಲಿನ ಹಬೆ. ಹಬೆಯನ್ನು ಹೊಲಿದವನು ಕ್ಲೋವಿಸ್. ಅದನ್ನು ನೋಡಿದರೆ ಕನ್ನಡಕ ಮಂಜಾಗುತ್ತಿತ್ತು.

"ಬಣ್ಣ ಹೊರಗೆ ಹೋದರೆ ಹೊತ್ತುಕೊಂಡು ಹೋದವನು ನನ್ನ ತಂಡದಲ್ಲಿ ವೇಷ ಕಟ್ಟೋದಿಲ್ಲ. ಅಳಿಯ ಆಗಲಿ, ಪಾದ್ರಿ ಆಗಲಿ" ಎಂದಿದ್ದ ಅಲ್ಸೈಡ್.

ಹಬ್ಬದ ಹಿಂದಿನ ದಿನ, ಸೋಮವಾರ ಬೆಳಿಗ್ಗೆ, ಕ್ಲೋವಿಸ್‌ನ ದಾರ ಮುಗಿಯಿತು. ಕಿಟಕಿ ಪರದೆ ಎಳೆದು, ಬಾಗಿಲಿಗೆ ಬೀಗ ಹಾಕಿ ಅಂಗಡಿಗೆ ಹೊರಟ. ಪಕ್ಕದ ಮನೆಯ ಮಿಸ್ ಒಡೀಲ್ ಜಗಲಿಯಲ್ಲಿ ಕೂತು ಸೋಮವಾರ ನಮ್ಮಲ್ಲಿ ಎಲ್ಲರ ಒಲೆಯ ಮೇಲೂ ಬೇಯುವ ಕೆಂಪು ಕಾಳು ಆರಿಸುತ್ತಿದ್ದಳು. ಎಪ್ಪತ್ತು ವರ್ಷದ ಮುದುಕಿ. ಕಣ್ಣು ಮಾತ್ರ ಗಿಡುಗನದು.

"ಬಾ ಇಲ್ಲಿ ಕಂದಾ. ತಲೇಲಿ ಏನೋ ಅಂಟಿದೆ ನೋಡು."

ಅವಳು ತೆಗೆದದ್ದು ಹೆಬ್ಬೆರಳಿನಷ್ಟು ಗರಿ. ಬೇಯಿಸಿದ ಸೀಗಡಿಯ ಬಣ್ಣ.

ಕ್ಲೋವಿಸ್ ಇನ್ನೊಂದಿದೆಯೇ ಎಂದು ತಲೆಯೆಲ್ಲ ತಡವಿಕೊಂಡ. "ಅದು... ನನ್ನ ಗಿಳೀದು" ಎಂದ.

"ಗಿಳಿ ಸಾಕಿದ್ದೀಯಾ?"

"ಹೂಂ. ಹೊಸದು."

"ಈ ಬಣ್ಣದ್ದು?"

"ಬ್ರೆಜಿಲ್ ಕಡೇದು, ಮಿಸ್ ಒಡೀಲ್."

ಒಡೀಲ್ ಗರಿಯನ್ನು ಬಿಸಿಲಿಗೆ ಹಿಡಿದು ಒಂದು ಮೆರವಣಿಗೆ ದಾಟಿಹೋಗುವಷ್ಟು ಹೊತ್ತು ನೋಡಿದಳು. "ಚೆಂದ ಇದೆ. ಏನು ತಿನ್ನತ್ತೆ?"

"ಏನು ಕೊಟ್ಟರೂ ತಿನ್ನತ್ತೆ" ಎಂದು ಕ್ಲೋವಿಸ್ ಗರಿ ಕಿತ್ತು ಜೇಬಿಗೆ ಹಾಕಿಕೊಂಡು ಅಂಗಡಿಯ ಕಡೆ ಓಡಿದ. ಅವನು ದಾರ ಕೊಂಡು ತಿರುಗಿ ಬರುವಷ್ಟರಲ್ಲಿ ಗಿಳಿಯ ಸುದ್ದಿ ಏಳನೇ ವಾರ್ಡು ಮುಗಿಸಿ ಎಂಟನೆಯದಕ್ಕೆ ಕಾಲಿಟ್ಟಿತ್ತು.

ಮನೆಯ ಮೆಟ್ಟಿಲ ಮೇಲೆ ನೂರಾರು ಜನ. ಸರಿ, ಮೂವರು. ಒಡೀಲ್ ಸೂರ್ಯಕಾಂತಿ ಬೀಜ ತಂದಿದ್ದಳು. ಕ್ಷೌರಿಕ ಥಾಡಿಯಸ್ ತನ್ನ ಸತ್ತ ಕ್ಯಾನರಿಯ ಪಂಜರ ತಂದಿದ್ದ. ಟ್ರಾಂಬೋನ್ ನುಡಿಸುವ ಹ್ಯೂಬರ್ಟ್ ಟ್ರಾಂಬೋನನ್ನೇ ತಂದಿದ್ದ.

"ಗಿಳಿಗೆ ಎಳೇದರಲ್ಲೇ ಸಂಗೀತ ಕಲಿಸಬೇಕು. ಆಮೇಲೆ ಬರೀ ಬೈಗುಳ ಕಲಿಯತ್ತೆ" ಎಂದ ಹ್ಯೂಬರ್ಟ್.

"ಒಳಗೆ ಕರ್ಕೊಂಡು ಹೋಗಪ್ಪ, ನೋಡೋಣ" ಎಂದ ಥಾಡಿಯಸ್.

ಒಳಗೆ ಸೋಫಾ, ಕುರ್ಚಿ, ಊಟದ ಮೇಜು, ಎಲ್ಲದರ ಮೇಲೂ ಸೀಗಡಿ ಬಣ್ಣದ ಸೂಟು ಹರಡಿಕೊಂಡಿತ್ತು. ಕ್ಲೋವಿಸ್ ಬಾಗಿಲಿಗೆ ಬೆನ್ನು ಕೊಟ್ಟು ನಿಂತ. "ಅದಕ್ಕೆ ಜನ ಅಂದರೆ ಹೆದರಿಕೆ. ಕಂಡರೆ ಗರಿ ಉದುರಿಸಿಕೊಳ್ಳತ್ತೆ."

"ಪಾಪ. ಹಾಗಾದರೆ ದನಿಯಾದರೂ ಕೇಳೋಣ" ಎಂದಳು ಒಡೀಲ್. "ನೀನು ಒಳಗೆ ಹೋಗಿ ಮಾತಾಡಿಸು ಕಂದಾ, ನಾವು ಇಲ್ಲೇ ಕೂತಿರ್ತೀವಿ."

ಬೇರೆ ದಾರಿಯಿರಲಿಲ್ಲ. ಕ್ಲೋವಿಸ್ ಬಾಗಿಲು ಒಂದು ಗೇಣು ತೆರೆದು, ಬೆಕ್ಕಿನ ಹಾಗೆ ಒಳಗೆ ನುಸುಳಿ, ಚಿಲಕ ಹಾಕಿಕೊಂಡು, ಮೂಗು ಹಿಡಿದು ಕಿರುಚಿದ. ಹೊರಗೆ ಹ್ಯೂಬರ್ಟ್ ಟ್ರಾಂಬೋನಿನಲ್ಲಿ ಒಂದು ಸಾಲು ಊದಿದ. ಗಿಳಿ ಅದನ್ನೇ ಒಪ್ಪಿಸಿತು. ಹ್ಯೂಬರ್ಟ್ ಎರಡು ಸಾಲು ಊದಿದ. ಗಿಳಿ ಎರಡನ್ನೂ ಒಪ್ಪಿಸಿತು. ಅರ್ಧ ಗಂಟೆ ಹೀಗೇ ನಡೆಯಿತು. ಬೀದಿಯಲ್ಲಿ ಹೋಗುವವರು ನಿಂತು ಚಪ್ಪಾಳೆ ತಟ್ಟತೊಡಗಿದರು.

"ಗಿಳಿಗೆ ಒಳ್ಳೇ ಕಿವಿ ಇದೆ. ಕ್ಲೋವಿಸ್‌ಗೆ ಇಲ್ಲ" ಎಂದ ಹ್ಯೂಬರ್ಟ್.

ಗಂಟಲು ಹರಿದು ಚಿಂದಿಯಾದ ಮೇಲೆ ಕ್ಲೋವಿಸ್ ಹೊರಗೆ ಬಂದು, ಅದು ಮಲಗಿತು ಎಂದು ಪಿಸುಗುಟ್ಟಿದ. ಗಂಡಸರಿಬ್ಬರೂ ಎದ್ದು ಹೋದರು. ಥಾಡಿಯಸ್‌ನ ಪಂಜರ ಕ್ಲೋವಿಸ್‌ನ ಕೈಯಲ್ಲಿ ಉಳಿಯಿತು. ಒಡೀಲ್ ಮಾತ್ರ ಕರವಸ್ತ್ರದ ಗಂಟು ಬಿಚ್ಚುವ ಹಾಗೆ ನಿಧಾನವಾಗಿ ಹೇಳಿದಳು:

"ಇದಕ್ಕೆ ಜೋಡಿ ಬೇರೆ ಹುಡುಕೋದು ಬೇಡ ಬಿಡು. ಎಂಟು ಬೀದಿ ಆಚೆ ಆ ನಾರ್ಬರ್ಟ್ ಇಲ್ಲವಾ, ಅವನೂ ಒಂದು ಗಿಳಿ ಸಾಕಿದಾನಂತೆ. ಗುರುವಾರ ಅವನ ಕಾಲರ್ ಮೇಲೆ ಒಂದು ಗರಿ ಇತ್ತು. ಇದೇ ಬಣ್ಣ."

ಕ್ಲೋವಿಸ್ ಕೂತುಬಿಟ್ಟ. ನಾರ್ಬರ್ಟ್ 'ಹಿತ್ತಾಳೆ ಬಾಣ' ತಂಡದವನು. ಅಲ್ಸೈಡ್ ಮೂವತ್ತು ವರ್ಷದಿಂದ ಸೋಲಿಸಲು ನೋಡುತ್ತಿದ್ದ ತಂಡ ಅದು.

ಪಂಜರದ ಮೇಲೆ ಟವೆಲ್ ಹೊದಿಸಿ, ಗಿಳಿಗೆ ಹೆಣ್ಣು ನೋಡಲು ಹೊರಟವನ ಹಾಗೆ ಎಂಟು ಬೀದಿ ನಡೆದ. ದಾರಿಯುದ್ದಕ್ಕೂ ಜನ ಗೌರವದಿಂದ ದನಿ ತಗ್ಗಿಸಿದರು.

ಈ ನಾರ್ಬರ್ಟನ ಬಗ್ಗೆ ಒಂದು ಮಾತು. ಅಷ್ಟು ಸುಂದರ, ಅಷ್ಟು ಬುದ್ಧಿವಂತ, ಅಷ್ಟು ನೇರ ಮನುಷ್ಯ ಲೂಸಿಯಾನದಲ್ಲಿ ಇನ್ನೊಬ್ಬನಿಲ್ಲ. ಹೆಂಗಸರು ಅವನನ್ನು ನೋಡಿ ಕಂಬಕ್ಕೆ ಡಿಕ್ಕಿ ಹೊಡೆಯುತ್ತಿದ್ದರು. ಅವನು ಕ್ಲೋವಿಸ್‌ನನ್ನು ಅಡುಗೆಮನೆಗೆ ಕರೆದು ಬಾಗಿಲು ಹಾಕಿದ. ಅಲ್ಲಿದ್ದವರು ಅವರಿಬ್ಬರೇ. ಮೇಜಿನ ಮೇಲೆ ಆಗಲೇ ಒಂದು ಪಂಜರವಿತ್ತು, ಮೇಲೆ ಚೌಕುಳಿ ಬಟ್ಟೆ.

"ಗಿಳಿ ನೋಡೋಕೆ ಬಂದೆ" ಎಂದ ಕ್ಲೋವಿಸ್.

"ಮೊದಲು ನಿಂದು ತೋರಿಸು."

"ನಿಂದು ಹಿರೀದು. ಗುರುವಾರದ್ದು."

"ಮಲಗಿದೆ."

"ನಂದೂ ಮಲಗಿದೆ."

ಕೊನೆಗೆ ಇಬ್ಬರೂ ಒಂದೇ ಸಲ ಬಟ್ಟೆ ಎತ್ತಿದರು. ಎರಡು ಪಂಜರವೂ ಖಾಲಿ. ನಾರ್ಬರ್ಟನದರಲ್ಲಿ ಒಂದು ತಟ್ಟೆ ಬೀಜವಿತ್ತು, ಅದೂ ಒಡೀಲ್ ಕೊಟ್ಟದ್ದು. ಕ್ಲೋವಿಸ್ ಜೇಬಿನಿಂದ ತನ್ನ ಗರಿ ತೆಗೆದ. ನಾರ್ಬರ್ಟ್ ಸಕ್ಕರೆ ಡಬ್ಬಿಯಿಂದ ತನ್ನದು ತೆಗೆದ. ಅವಳಿ ಮಕ್ಕಳ ಹಾಗಿದ್ದವು.

ಒಲೆಯ ಮೇಲೆ ಕೆಂಪು ಕಾಳು ಕೊತಕೊತ ಎನ್ನುತ್ತಿತ್ತು.

"ಮಾವನಿಗೆ ಹೇಳಿಬಿಡಲಾ?" ಎಂದ ಕ್ಲೋವಿಸ್.

"ಹೇಳು. ನಿಂಗೆ ಹೇಗೆ ಗೊತ್ತಾಯ್ತು ಅಂತ ಕೇಳ್ತಾನೆ. ಆಗ ನಿನ್ನ ಗರಿ ಕತೆ ಹೇಳಬೇಕು. ನಂಗೂ ಅದೇ ಗತಿ."

"ಈಗ ಬಣ್ಣ ಬದಲಾಯಿಸೋಕೆ ಆಗತ್ತಾ?"

"ಒಂದು ವರ್ಷದ ಹೊಲಿಗೆ, ಒಂದು ಮಧ್ಯಾಹ್ನದಲ್ಲಿ?"

ಇಬ್ಬರೂ ಒಂದು ಪ್ರಮಾಣ ಮಾಡಿದರು: ಈ ಅಡುಗೆಮನೆಯಲ್ಲಿ ಆದದ್ದು ಸಾಯುವ ತನಕ ಯಾರಿಗೂ ಹೇಳಬಾರದು. ಆಮೇಲೆ, ಸೋಮವಾರವಾದ್ದರಿಂದ, ಕಾಳು ಅನ್ನ ತಿಂದರು.

ಮಂಗಳವಾರ ಬೆಳಿಗ್ಗೆ ಹೆದ್ದಾರಿ ಸೇತುವೆಯ ಕೆಳಗೆ ಎರಡೂ ತಂಡ ಎದುರಾದವು. ಕ್ಲೋವಿಸ್ ಎರಡು ಬೀದಿ ಮುಂಚೆಯೇ ನೋಡಿದ್ದ. ಆದರೆ ಸನ್ನೆ ಮಾಡುವ ಕೈ ಮೇಲೇಳಲಿಲ್ಲ. ಡೋಲು ನಿಂತಿತು. ಹಾಡು ನಿಂತಿತು. ಈ ಕಡೆ ಸೀಗಡಿ, ಆ ಕಡೆ ಸೀಗಡಿ. ಅಲ್ಸೈಡನ ಎದೆಯಲ್ಲಿ ತಾಯಿಯ ಗಾಡಿ. ಎದುರಿನ ಚೀಫಿನ ಎದೆಯಲ್ಲಿ ಕಾಡೆಮ್ಮೆ ಬೇಟೆ. ಎದುರಿನವನು ಆ ಹಬೆಯನ್ನು ತುಂಬ ಹೊತ್ತು ನೋಡಿ ತಲೆ ಬಾಗಿಸಿದ. "ನಿಂದೇ ಚೆಂದ, ಅಲ್ಸೈಡ್. ಇದು ನಿನ್ನ ಬಣ್ಣವೇ" ಎಂದ. ಮೂವತ್ತು ವರ್ಷದಲ್ಲಿ ಮೊದಲ ಸಲ.

ಅಲ್ಸೈಡ್ ಏಳು ಅಡಿ ಗರಿಯನ್ನು ಪೂರ್ತಿ ಬಿಚ್ಚಿ ಒಂದು ಸುತ್ತು ತಿರುಗಿದ. ಕ್ಲೋವಿಸ್ ಬದುಕಿದೆ ಎಂದುಕೊಂಡ. ಅಷ್ಟರಲ್ಲಿ ಗುಂಪಿನ ಮುಂದಿನ ಸಾಲಿನಿಂದ ಮಿಸ್ ಒಡೀಲ್ ಮೆಚ್ಚುಗೆಯಿಂದ ಹೇಳಿದಳು:

"ಗಿಳಿ ಒಂದೇ ದಿನಕ್ಕೆ ಎಷ್ಟು ಬೆಳೀತು, ಕಂದಾ."

"ಯಾವ ಗಿಳಿ?" ಎಂದ ಅಲ್ಸೈಡ್.

ಕ್ಷೌರಿಕ ಥಾಡಿಯಸ್ ಎಲ್ಲವನ್ನೂ ವಿವರವಾಗಿ ಹೇಳಿದ. ಹ್ಯೂಬರ್ಟ್ ಟ್ರಾಂಬೋನಿನಲ್ಲಿ ಗಿಳಿಯ ಭಾಗ ನುಡಿಸಿ ತೋರಿಸಿದ. ಎದುರಿನ ತಂಡಕ್ಕೆ ಬಣ್ಣ ಹೋದದ್ದು ಹೇಗೆಂದು ಅಲ್ಸೈಡ್ ಮತ್ತೆ ಕೇಳಬೇಕಾಗಲಿಲ್ಲ. ಮರುವರ್ಷದಿಂದ ಕ್ಲೋವಿಸ್ ವೇಷ ಕಟ್ಟಿಲ್ಲ. ತಂಡದ ಹಿಂದೆ ನೀರಿನ ಬಕೆಟ್ ಹೊರುತ್ತಾನೆ. ಮಣಿ ಮಾತ್ರ ಈಗಲೂ ಹೊಲಿಯುತ್ತಾನೆ, ಬೇರೆಯವರಿಗೆ.

ಇದಿಷ್ಟನ್ನು ನಾನು ಮೊನ್ನೆ ಮಿಸ್ ಒಡೀಲ್‌ಳ ಜಗಲಿಯಲ್ಲಿ ಹೇಳಿ ಮುಗಿಸಿದೆ. ಎಲ್ಲರೂ ನಕ್ಕರು. ಮೂಲೆಯಲ್ಲಿ ಹೊಲಿಯುತ್ತಿದ್ದ ಕ್ಲೋವಿಸ್ ಕೂಡ ನಕ್ಕ. ಮುದುಕಿ ನಗಲಿಲ್ಲ.

"ಅಡುಗೆಮನೇಲಿ ಇದ್ದವರು ಇಬ್ಬರೇ ಅಂದೆ. ಕ್ಲೋವಿಸ್ ಒಂಬತ್ತು ವರ್ಷದಲ್ಲಿ ಬಾಯಿ ಬಿಟ್ಟಿಲ್ಲ. ಸಕ್ಕರೆ ಡಬ್ಬಿ ನಿಂಗೆ ಹೇಗೆ ಗೊತ್ತು, ನಾರ್ಬರ್ಟ್?"

ಸರಿ, ಆ ಸುಂದರ, ಬುದ್ಧಿವಂತ, ನೇರ ಮನುಷ್ಯ ನಾನೇ.

"ಪ್ರಮಾಣ ಮುರಿದೆ, ತಪ್ಪಾಯ್ತು" ಎಂದೆ.

"ಅದಲ್ಲ. ನಿಮ್ಮ ಚೀಫಿಗೆ ಆ ಬಣ್ಣ ಹೊಳೆದದ್ದು ಹೇಗೆ?"

"ಅವನಿಗೆ ಹೊಳೆದದ್ದಲ್ಲ. ಕನಸಿನಲ್ಲಿ ಕಂಡೆ ಅಂತ ನಾನು ಹೇಳಿದ್ದು."

"ಕನಸಿನಲ್ಲಿ ಕಂಡೆಯಾ?"

ಅವಳ ಗಿಡುಗ ಕಣ್ಣಿನ ಎದುರು ಸುಳ್ಳು ಹೇಳಬಲ್ಲವನು ಇನ್ನೂ ಹುಟ್ಟಿಲ್ಲ. "ಥಾಡಿಯಸ್‌ನ ಅಂಗಡಿಯಲ್ಲಿ ಕಂಡೆ" ಎಂದೆ. "ಆ ಹಬ್ಬಕ್ಕೆ ಹತ್ತು ತಿಂಗಳು ಮೊದಲು, ಏಪ್ರಿಲ್‌ನಲ್ಲಿ. ಕ್ಲೋವಿಸ್ ಕ್ಷೌರಕ್ಕೆ ಕೂತಿದ್ದ, ಕಿವಿಯ ಹಿಂದೆ ಒಂದು ಗರಿ ಅಂಟಿತ್ತು. ಅಷ್ಟು ಚೆಂದದ ಬಣ್ಣ ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಮೆಲ್ಲಗೆ ತೆಗೆದುಕೊಂಡೆ. ಸಕ್ಕರೆ ಡಬ್ಬಿಯಲ್ಲಿದ್ದದ್ದು ಅದೇ."

ಕ್ಲೋವಿಸ್ ಸೂಜಿಯಿಂದ ತಲೆಯೆತ್ತಿದ. ಬೈಯುತ್ತಾನೆ ಎಂದು ಕಾದೆ. ಅವನು ನನ್ನ ಸೂಟಿನ ತುಂಡೊಂದನ್ನು ಮಡಿಲಲ್ಲಿ ಹರಡಿಕೊಂಡು, ನಿಧಾನವಾಗಿ, ಒಂದೊಂದೇ ಮಣಿ ಬಿಚ್ಚತೊಡಗಿದ.

ಆ ತೊಂಬತ್ತು ಸಾವಿರ ಮಣಿ ಹೊಲಿದವನು ಅವನೇ ಎಂದು ಬೇರೆ ಹೇಳಬೇಕಾಗಿಲ್ಲ. ಹಬ್ಬಕ್ಕೆ ಇನ್ನು ನಾಲ್ಕು ದಿನ. ನನಗೆ ಸೂಜಿಗೆ ದಾರ ಪೋಣಿಸಲೂ ಬರುವುದಿಲ್ಲ.