ಆರ್ಗನ್ನಿನ ಲೂಸ್ ಕನೆಕ್ಷನ್ನುಗಳು

ಹಳೇ ಎಲೆಕ್ಟ್ರಾನಿಕ್ ಆರ್ಗನ್ ಇಟ್ಟುಕೊಂಡ ಹೆಂಗಸಿಗೆ ಎರಡು ಕಾಟ ತಪ್ಪಿದ್ದಲ್ಲ: ಒಳಗೆ ವೈರ್ ಸಡಿಲವಾಗುತ್ತಲೇ ಇರುತ್ತದೆ, ಹೊರಗೆ ಗಂಡಸರು ಬುದ್ಧಿ ಹೇಳುತ್ತಲೇ ಇರುತ್ತಾರೆ. ಎಪ್ಪತ್ತರ ದಶಕದಲ್ಲಿ ನಾವು ಮುಂಬಯಿಯ ಸಯನ್‌ನಲ್ಲಿದ್ದೆವು. ಊರು ಬಿಟ್ಟು ಹೊರಟಿದ್ದ ಬ್ಯಾಂಡಿನವನೊಬ್ಬನಿಂದ ಆ ಆರ್ಗನ್ ಕೊಂಡಿದ್ದೆ. ಸೂಟ್‌ಕೇಸಿನ ಹಾಗೆ ಮುಚ್ಚಿ ಲೋಕಲ್ ರೈಲಿನಲ್ಲಿ ಒಯ್ಯಬಹುದಿತ್ತು. ಒಯ್ದಾಗಲೆಲ್ಲ ಕುಲುಕಾಟಕ್ಕೆ ಒಳಗೆ ಏನಾದರೊಂದು ಕಳಚಿಕೊಳ್ಳುತ್ತಿತ್ತು.

ಒಳ್ಳೆಯ ಕೈ

ಮೊದಲ ಸಲ ಅದು ಮೂಕವಾದಾಗ ಬೈಕುಲ್ಲಾದ ರಿಪೇರಿ ಅಂಗಡಿಗೆ ಒಯ್ದೆ. ಜೊತೆಗೆ ಗಂಡನೂ ಇದ್ದರು. ಅವರಿಗೆ ರೇಡಿಯೋದ ಸ್ವಿಚ್ ಬಿಟ್ಟು ಬೇರೇನೂ ತಿಳಿಯದು. ಅಂಗಡಿಯವನು ಪ್ರಶ್ನೆಗಳನ್ನೆಲ್ಲ ಅವರಿಗೇ ಕೇಳಿದ, ಉತ್ತರಗಳನ್ನೆಲ್ಲ ನಾನು ಕೊಟ್ಟೆ, ಅವನು ಮತ್ತೆ ಅವರ ಕಡೆಗೇ ತಿರುಗಿದ. ಕೊನೆಗೆ, ಒಳಗಿನದೆಲ್ಲ ಸುಟ್ಟಿದೆ, ವಾರಗಟ್ಟಲೆ ಬಿಟ್ಟುಹೋಗಬೇಕು ಎಂದು ಅವರಿಗೆ ಹೇಳಿದ. ನನಗೆ ರೇಗಿತು. ಹಿಂದಿನ ಮುಚ್ಚಳ ತೆಗೆದು, ಬಿಟ್ಟುಕೊಂಡಿದ್ದ ವೈರನ್ನು ಅಂಗಡಿಯವನದೇ ಪೆನ್ಸಿಲಿನಿಂದ ಒತ್ತಿ ಹಿಡಿದು, ಇನ್ನೊಂದು ಕೈಯಿಂದ ಕೀ ನುಡಿಸಿದೆ. ಅಂಗಡಿ ತುಂಬ ಸ್ವರ ಕೇಳಿತು.

ಅವನು ನನ್ನ ಗಂಡನಿಗೆ ಕೈಮುಗಿದ. “ಸಾಬ್, ಆಪ್‌ಕಾ ಹಾಥ್ ಬಹುತ್ ಅಚ್ಛಾ ಹೈ.”

ಆಗ ಗಂಡನ ಎರಡೂ ಕೈಯಲ್ಲಿ ಮಾರ್ಕೆಟ್ಟಿನ ತರಕಾರಿ ಚೀಲಗಳಿದ್ದವು.

ಬೇರೆ ಕರೆಂಟು

ಮರುದಿನವೇ ಬೆಸುಗೆ ಹಾಕುವ ಕಡ್ಡಿ ತಂದೆ. ನಾನು ನುಡಿಸುತ್ತಿದ್ದ ಆರ್ಕೆಸ್ಟ್ರಾದ ಮಾಸ್ಟರು ಉಡುಪಿ ಕಡೆಯವರು, ಕುರ್ಲಾದ ಹೋಟೆಲೊಂದರಲ್ಲಿ ಮ್ಯಾನೇಜರ್. ಪ್ರಾಕ್ಟೀಸಿನಲ್ಲಿ ಎರಡು ಕೀ ನುಡಿಯದೆ ನಾನು ಆರ್ಗನ್ ಬಿಚ್ಚಿದ್ದೇ ತಡ, ಓಡಿ ಬಂದರು.

“ಹೆಂಗಸರು ಕರೆಂಟಿಗೆಲ್ಲ ಕೈ ಹಾಕ್ಲಿಕ್ಕುಂಟಾ ಮಾರಾಯ್ರೆ?”

ಮನೆಯಲ್ಲಿ ಇಸ್ತ್ರಿ ಪೆಟ್ಟಿಗೆ ಹಿಡಿದಾಗ ಕರೆಂಟು ನನ್ನನ್ನು ಗಂಡಸು ಅಂದುಕೊಂಡಿರುತ್ತದಾ ಎಂದು ಕೇಳಿದೆ. ಮಾಸ್ಟರು, ಮನೆಯ ಕರೆಂಟು ಬೇರೆ ಎಂದರು.

ಆ ಬೇರೆ ಕರೆಂಟಿನಲ್ಲೇ ಅವರೆದುರು ಬೆಸುಗೆ ಹಾಕಿ ಮುಗಿಸಿದೆ.

ಅಧ್ಯಕ್ಷರ ಸಾಥ್

ನಮ್ಮ ಕನ್ನಡ ಸಂಘದ ವಾರ್ಷಿಕೋತ್ಸವಕ್ಕೆ ನಾನು ಪ್ರಾರ್ಥನೆ ಹಾಡಿದರೆ ಸಾಕು ಎಂದರು ಅಧ್ಯಕ್ಷರು. ಮರ್ಯಾದಸ್ಥರ ಸೊಸೆ ವೇದಿಕೆಯ ಮೇಲೆ ಬ್ಯಾಂಡಿನವರ ವಾದ್ಯ ನುಡಿಸುವುದು ಚೆಂದವಲ್ಲವಂತೆ. ಆರ್ಗನ್ ಇಲ್ಲದಿದ್ದರೆ ಪ್ರಾರ್ಥನೆಯೂ ಇಲ್ಲ ಎಂದೆ. ಬೇರೆ ಹಾಡುವವರು ಸಿಗದೆ ಒಪ್ಪಿದರು.

ಆ ಸಂಜೆ ಹಾಲ್ ತುಂಬಿತ್ತು. ಸ್ವಿಚ್ ಹಾಕಿದೆ, ಸ್ವರದ ಜೊತೆಗೆ ಗೊಂಯ್ ಎಂಬ ಸದ್ದೂ ಹೊರಟಿತು. ಜನ ಗುಸುಗುಸು ಎಂದರು. ಈಗ ಎದ್ದರೆ ಮತ್ತೆಂದೂ ನನ್ನನ್ನು ಇಲ್ಲಿ ಕೂರಿಸುವುದಿಲ್ಲ. ಇದಕ್ಕೇ ಕಾದಿದ್ದವರಂತೆ ಅಧ್ಯಕ್ಷರು ಬಂದು, ಆರ್ಗನ್ನನ್ನು ಬದಿಗೆ ತಳ್ಳಲು ಅದರ ಲೋಹದ ಪಟ್ಟಿಯ ಮೇಲೆ ಕೈ ಇಟ್ಟರು. ಗೊಂಯ್ ನಿಂತಿತು. ಕೈ ತೆಗೆದರು, ಶುರುವಾಯಿತು. ಮತ್ತೆ ಇಟ್ಟರು, ನಿಂತಿತು. ಒಳಗೆ ಅರ್ತ್ ವೈರ್ ಕಡಿದುಹೋಗಿ, ಅದರ ಕೆಲಸವನ್ನು ಅಧ್ಯಕ್ಷರ ಮೈ ಮಾಡುತ್ತಿತ್ತು.

“ಕೈ ಅಲ್ಲೇ ಇರಲಿ,” ಎಂದೆ ಮೆಲ್ಲಗೆ. “ತೆಗೆದರೆ ಜನ ನಿಮ್ಮನ್ನೇ ಬೈತಾರೆ.”

ಪ್ರಾರ್ಥನೆ ಮುಗಿಸಿ ನಾನು ಏಳಲಿಲ್ಲ. ನನಗೆ ಬರುವುದನ್ನೆಲ್ಲ ನುಡಿಸಿದೆ. ಅಧ್ಯಕ್ಷರು ಕೊರಳಲ್ಲಿ ಮಾಲೆ, ಆರ್ಗನ್ ಮೇಲೆ ಕೈ, ಹಾಗೇ ನಿಂತಿದ್ದರು. ಚಪ್ಪಾಳೆ ಬಿದ್ದಾಗ, ಮುಂದಿನ ಸಾಲಿನಲ್ಲಿದ್ದ ನಮ್ಮ ಅತ್ತೆ, ಧಾರವಾಡದ ಕಡೆಯವರು, ಸುತ್ತಲಿನವರಿಗೆಲ್ಲ ಕೇಳುವಂತೆ ಹೇಳಿದರು: “ಅಧ್ಯಕ್ಷರು ಬಾಯಿ ಮುಚ್ಕೊಂಡು ನಿಂತ್ರ ಸಂಗೀತ ಎಷ್ಟ್ ಚಲೋ ಬರತೈತಿ ನೋಡ್ರಿ.”