ಬೀರು ಮೂಸುವ ನಮ್ಮ ಮಾಮಾ

ಸಿಂಧನೂರು, ಲಿಂಗಸೂಗೂರು, ಮಸ್ಕಿ, ಈ ಮೂರೂ ಊರಿನ ಬಾರುಗಳನ್ನು ಜಾಲಾಡಿದರೂ ಬೀರಿನ ವಿಷಯದಲ್ಲಿ ನಮ್ಮ ಸೋದರಮಾವನನ್ನು ಮೀರಿಸುವವರು ನಿಮಗೆ ಸಿಗಲಾರರು. ಜವೆಗೋಧಿಯನ್ನು ಎಷ್ಟು ಹೊತ್ತು ನೆನೆಹಾಕಬೇಕು, ಮೊಳಕೆ ಎಷ್ಟುದ್ದ ಬಂದಾಗ ಅದರ ಆಟ ನಿಲ್ಲಿಸಬೇಕು, ಹಾಪ್ಸ್ ಎಂಬ ಬಳ್ಳಿಯ ಹೂವನ್ನು ಕುದಿಯುವಾಗ ಮೊದಲೇ ಹಾಕಿದರೆ ಕಹಿ ಯಾಕೆ, ಕೊನೆಗೆ ಹಾಕಿದರೆ ಪರಿಮಳ ಯಾಕೆ, ಎಲ್ಲವೂ ಅವರಿಗೆ ಬಾಯಿಪಾಠ. ಇಷ್ಟೆಲ್ಲ ಬಲ್ಲ ಈ ಮಹಾನುಭಾವರು ಇವತ್ತಿನವರೆಗೆ ಒಂದೇ ಒಂದು ಹನಿ ಬೀರನ್ನು ನಾಲಗೆಗೆ ಮುಟ್ಟಿಸಿಲ್ಲ! ನೀವು ನಂಬುವುದಿಲ್ಲ, ಗೊತ್ತು. ಲಿಂಗಸೂಗೂರಿನಲ್ಲೂ ಯಾರೂ ನಂಬುವುದಿಲ್ಲ.

ಊರು ನಂಬದಿದ್ದರೆ ಮಾಮಾಗೆ ಚಿಂತೆಯಿಲ್ಲ. ಅವರ ಚಿಂತೆ ಒಬ್ಬರದೇ, ನಮ್ಮ ಅತ್ತೆಯದು. ಅತ್ತೆ ನಂಬುತ್ತಾರೆ, ಆದರೆ ಒಪ್ಪುವುದಿಲ್ಲ. ಮದುವೆಯಾದಾಗಿನಿಂದ ಮಾಮಾ ಅವರಲ್ಲಿ ಸೀರೆ ಉಡು ಎಂದು ಕೇಳಿದವರಲ್ಲ, ಒಡವೆ ಹಾಕು ಎಂದು ಕೇಳಿದವರಲ್ಲ. ಕೇಳಿದ್ದು ಒಂದೇ: ಬೀರನ್ನು ಒಮ್ಮೆ, ಒಂದೇ ಒಂದು ಸಲ, ಮೂಸಿ ನೋಡು. ಅತ್ತೆ ಮಸ್ಕಿಯ ಕಟ್ಟಾ ಶಿವಭಕ್ತರ ಮನೆಯ ಮಗಳು. ಬೀರು ಎಂಬ ಶಬ್ದ ಕಿವಿಗೆ ಬಿದ್ದರೆ ಹಣೆಗೆ ಇನ್ನೊಂದು ಪಟ್ಟಿ ವಿಭೂತಿ ಹಚ್ಚಿಕೊಳ್ಳುವವರು. ಇನ್ನು ಮೂಸುವ ಮಾತೆಲ್ಲಿ ಬಂತು?

ಈ ಹುಚ್ಚು ಹಿಡಿದದ್ದು ಹೇಗೆಂದರೆ, ಮಾಮಾ ಲಿಂಗಸೂಗೂರಿನ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದರು. ಹೊಸದಾಗಿ ಕೆಲಸಕ್ಕೆ ಸೇರಿದ ಕಾಲದಲ್ಲಿ ತರಬೇತಿಗೆಂದು ಬೇರೆ ಊರಿಗೆ ಹೋದಾಗ ಅಲ್ಲಿನವರು ಒಂದು ಬೀರಿನ ಕಾರ್ಖಾನೆ ತೋರಿಸಿದರಂತೆ. ಉಳಿದ ಉಪನ್ಯಾಸಕರೆಲ್ಲ ಕೊನೆಗೆ ಪುಕ್ಕಟೆ ಸಿಗುವ ಗ್ಲಾಸಿನ ಧ್ಯಾನದಲ್ಲಿದ್ದರು. ಮಾಮಾ ಮಾತ್ರ ಮೊಳಕೆಧಾನ್ಯ ಬೇಯುತ್ತಿದ್ದ ದೊಡ್ಡ ಹಂಡೆಯ ಮುಂದೆ ನಿಂತುಬಿಟ್ಟರು. ಮುಚ್ಚಳ ತೆಗೆದಾಗ ಎದ್ದ ಹಬೆಯಲ್ಲಿ ಅವರಿಗೆ ಹೊಲದಲ್ಲಿ ಸೀತನಿ ಸುಡುವ ವಾಸನೆ ಬಂತಂತೆ. ಎಳೆಯ ಜೋಳದ ತೆನೆಯನ್ನು ಕೆಂಡದ ಮೇಲೆ ಸುಟ್ಟು ಉದುರಿಸಿ ತಿಂದವರಿಗೆ ಆ ವಾಸನೆ ಏನೆಂದು ಬೇರೆ ಹೇಳಬೇಕಿಲ್ಲ. ಗ್ಲಾಸು ಕೈಗೆ ಬಂದಾಗ ಮಾಮಾ ಕುಡಿಯಲಿಲ್ಲ. ಮೂಸಿ, ಕಣ್ಣು ಮುಚ್ಚಿ, ಪಕ್ಕದವರಿಗೆ ದಾಟಿಸಿದರು. ಪಕ್ಕದವರಿಗೆ ಅವತ್ತು ಎರಡು ಗ್ಲಾಸಿನ ಯೋಗ.

"ಕೊರಳಾಗ ಲಿಂಗ ಕಟ್ಕೊಂಡು ಅದನ್ನ ಮೂಸಬಹುದೇನ್ರಿ?" ಎಂದು ಅತ್ತೆ ಕೇಳಿದ್ದಕ್ಕೆ ಮಾಮಾ ಕೊಟ್ಟ ಉತ್ತರ ನಮ್ಮ ಬಳಗದಲ್ಲೆಲ್ಲ ಪ್ರಸಿದ್ಧ.

"ಲಿಂಗ ಇರೋದು ಕೊರಳಾಗ. ಕೊರಳಿನ ಕೆಳಗ ಏನೂ ಇಳಿಸಂಗಿಲ್ಲ, ಒಪ್ಪಿದೆ. ಮೂಗು ಕೊರಳಿನ ಮ್ಯಾಲ ಐತಿ."

ನಾನು ಸಿಂಧನೂರಿನಲ್ಲಿ ಟ್ರ್ಯಾಕ್ಟರ್ ಬಿಡಿಭಾಗದ ಅಂಗಡಿ ಇಟ್ಟವನು. ಕುಡಿಯುವವನೆಂದು ಹೆಸರಿಲ್ಲ, ಕುಡಿಯದವನೆಂದೂ ಹೆಸರಿಲ್ಲ. ಹೀಗಾಗಿ ಮಾಮಾನ ಸಂಶೋಧನೆಗೆ ನಾನೇ ಸಹಾಯಕ. ನಿವೃತ್ತರಾದ ಮೇಲೆ ತಿಂಗಳಿಗೊಮ್ಮೆಯಾದರೂ ಬಸ್ಸು ಹತ್ತಿ ಬಂದು ಅಂಗಡಿಯ ಮುಂದೆ ನಿಲ್ಲುತ್ತಿದ್ದರು. ಲಿಂಗಸೂಗೂರಿನಲ್ಲಿ ಬಾರುಗಳಿಲ್ಲವೇ? ಇವೆ. ಆದರೆ ಅಲ್ಲಿ ಕೂತವರಲ್ಲಿ ಅರ್ಧ ಜನ ಮಾಮಾನ ಹಳೆಯ ವಿದ್ಯಾರ್ಥಿಗಳು. ಗುರುಗಳನ್ನು ಕಂಡು ದಡಕ್ಕನೆ ಎದ್ದು ನಿಂತು ಗ್ಲಾಸು ಬೀಳಿಸಿಕೊಂಡರೆ ಆ ಪಾಪ ಯಾರಿಗೆ?

ನಮ್ಮ ಒಪ್ಪಂದ ಸರಳ. ಬೀರು ಬಂದ ಕೂಡಲೆ ಮೊದಲು ಅವರು ಮೂಸುವುದು, ಆಮೇಲೆ ನಾನು ಕುಡಿಯುವುದು. ಅವರ ಪಾಲಿಗೆ ಸೋಡಾ ಮತ್ತು ಒಗ್ಗರಣೆ ಮಂಡಕ್ಕಿ. ಇಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಮೂವತ್ತು ವರ್ಷ ಪಾಠ ಹೇಳಿದ ಬಾಯಿ ಪಕ್ಕದ ಟೇಬಲ್ಲಿನ ತಪ್ಪನ್ನು ನೋಡಿಕೊಂಡು ಸುಮ್ಮನಿರುತ್ತದೆಯೇ? ಒಮ್ಮೆ ಹಟ್ಟಿಯ ಚಿನ್ನದ ಗಣಿಯಲ್ಲಿ ಕೆಲಸ ಮಾಡುವ ನನ್ನ ಗಿರಾಕಿಯೊಬ್ಬ ಅಲ್ಲೇ ಕೂತಿದ್ದ. ಗ್ಲಾಸನ್ನು ಮಲಗಿಸಿ, ಒಂದಿಷ್ಟೂ ನೊರೆ ಏಳದಂತೆ, ಔಷಧ ಸುರಿದಂತೆ ಬೀರು ಸುರಿದುಕೊಳ್ಳುತ್ತಿದ್ದ. ಮಾಮಾ ಎದ್ದು ಹೋದರು.

"ತಮ್ಮಾ, ಗ್ಲಾಸ್ ನೆಟ್ಟಗ ಹಿಡಿ. ನೊರಿ ಬರಬೇಕು. ವಾಸನಿ ಎಲ್ಲಾ ಆ ನೊರಿಯೊಳಗ ಇರತೈತಿ. ನೀ ಅದನ್ನ ಕೊಂದು ನೀರು ಕುಡಿಯಾಕತ್ತಿ."

ಅವನು ತಲೆಯೆತ್ತಿ ನೋಡಿದ. "ಸರ, ನಾ ಮುಂಜಾನಿಂದ ಭೂಮಿಯೊಳಗ ಇದ್ದು ಈಗ ಮ್ಯಾಲ ಬಂದೀನಿ. ಮೊದಲು ಇದು ಕೆಳಗ ಇಳೀಲಿ. ವಾಸನಿ ಆಮ್ಯಾಲ ಬರ್ಲಿ."

ಮಾಮಾ ಬಂದು ಮಂಡಕ್ಕಿಗೆ ಕೈಹಾಕಿದರು. ಸ್ವಲ್ಪ ಹೊತ್ತಿನ ಮೇಲೆ ನೋಡಿದರೆ ಆ ಗಿರಾಕಿ ಎರಡನೆಯ ಬಾಟಲಿಯನ್ನು ಗ್ಲಾಸು ನೆಟ್ಟಗಿಟ್ಟುಕೊಂಡೇ ಸುರಿಯುತ್ತಿದ್ದ. ಮಾಮಾ ನನ್ನ ಕಾಲನ್ನು ಮೇಜಿನ ಕೆಳಗೆ ತುಳಿದದ್ದು ನನಗಿನ್ನೂ ನೆನಪಿದೆ.

ಬಾರಿನ ಮಾಲೀಕ ಮೊದಮೊದಲು ಇವರನ್ನು ಕಂಡರೆ ಹಲ್ಲು ಕಡಿಯುತ್ತಿದ್ದ. ಸೋಡಾ ಕುಡಿದು ಬೀರಿನ ತಪ್ಪು ತೆಗೆಯುವವರು ಯಾವ ವ್ಯಾಪಾರಿಗೆ ಬೇಕು? ಒಂದು ಬೇಸಿಗೆಯಲ್ಲಿ ಮಾಮಾ ನನ್ನ ಗ್ಲಾಸು ಮೂಸಿದವರೇ ಮುಖ ಸಿಂಡರಿಸಿ, "ಸುಟ್ಟ ರಬ್ಬರು" ಎಂದರು. ನಾನು ನನ್ನ ಅಂಗಿಯನ್ನು ಮೂಸಿಕೊಂಡೆ. ದಿನವಿಡೀ ಫ್ಯಾನ್‌ಬೆಲ್ಟು ಮಾರುವವನಿಗೆ ಅನುಮಾನ ಬರುವುದು ಸಹಜ. ಆದರೆ ಮಾಮಾ ಹಿತ್ತಲಿಗೆ ಹೋಗಿ ನೋಡಿದರೆ, ಹಸಿರು ಬಾಟಲಿಗಳ ಕ್ರೇಟುಗಳು ಸಿಂಧನೂರಿನ ಬಿಸಿಲಿನಲ್ಲಿ ಸಾಲಾಗಿ ಕೂತಿವೆ! ಬಿಸಿಲು ಬಿದ್ದರೆ ಹಾಪ್ಸ್ ಹೂವಿನ ಸತ್ವ ಕೆಟ್ಟು ಇಂಥ ವಾಸನೆ ಬರುತ್ತದೆ, ಕಂದು ಬಾಟಲಿ ತಕ್ಕಮಟ್ಟಿಗೆ ತಡೆಯುತ್ತದೆ, ಹಸಿರು ತಡೆಯುವುದಿಲ್ಲ ಎಂದು ಅಲ್ಲಿಯೇ ಒಂದು ಪಾಠವಾಯಿತು. ಮಾಲೀಕ ಕ್ರೇಟುಗಳನ್ನು ಒಳಗೆ ಇಡಿಸಿದ. ಗಿರಾಕಿಗಳ ಗೊಣಗಾಟ ನಿಂತಿತು. ಅಂದಿನಿಂದ ಅಲ್ಲಿಯ ವೇಟರು ಬಾಟಲಿ ತಂದಿಡುವಾಗ ಒಂದು ಮಾತು ಸೇರಿಸಲು ಕಲಿತ: "ಬೇಫಿಕರ್ ಕುಡೀರಿ, ಪ್ರೊಫೆಸರ್ ಸಾಹೇಬ್ರು ಮೂಸ್ಯಾರ."

ಈ ಕೀರ್ತಿ ಬಸ್ಸು ಹತ್ತಿ ಲಿಂಗಸೂಗೂರಿಗೂ ಹೋಯಿತು. ಹೋಗುವ ದಾರಿಯಲ್ಲಿ "ಮೂಸ್ಯಾರ" ಎಂಬುದು ಬಿದ್ದುಹೋಗಿ "ಬಾರಿನಾಗ ಇರ್ತಾರ" ಎಂಬುದಷ್ಟೇ ಅತ್ತೆಯ ಕಿವಿ ಮುಟ್ಟಿತು. ಸಿಂಧನೂರಿನಿಂದ ಬಂದ ದಿನ ಮಾಮಾ ಸ್ನಾನ ಮಾಡದೆ ನಡುಮನೆಗೆ ಕಾಲಿಡುವಂತಿಲ್ಲ ಎಂದು ಕಟ್ಟಪ್ಪಣೆಯಾಯಿತು. ಮಾಮಾ ಹೊರಗಿನ ನಲ್ಲಿಯ ಕೆಳಗೆ ಕೂತು ಮೈಮೇಲೆ ನೀರು ಸುರಿದುಕೊಳ್ಳುತ್ತಲೇ ವಾದ ಮಾಡುತ್ತಿದ್ದರು.

"ನೀ ಹಿಟ್ಟು ಹುಳಿಯಾಕ ಇಟ್ಟು ಅಂಬಲಿ ಮಾಡ್ತಿ. ಅವರು ಜವೆಗೋಧಿ ಹುಳಿಯಾಕ ಇಟ್ಟು ಬೀರು ಮಾಡ್ತಾರ. ಬೀರು ಅಂದ್ರ ನಿನ್ನ ಅಂಬಲಿ ಅಣ್ಣ. ಒಮ್ಮೆ ಮೂಸಿ ನೋಡು, ನಿನಗ ತಿಳೀತೈತಿ."

"ಅಂಬಲಿಗೆ ಅಂಥಾ ಅಣ್ಣ ಇದ್ರ ಅಂವ ಊರು ಬಿಟ್ಟು ಹೋಗ್ಲಿ" ಎಂದು ಒಳಗಿನಿಂದ ಉತ್ತರ ಬರುತ್ತಿತ್ತು. "ಮೊದಲು ಕಿವಿ ಹಿಂದ ತಿಕ್ಕೋರಿ."

ಅಂಬಲಿಯ ಈ ಅಣ್ಣ ಒಮ್ಮೆ ಊರೊಳಗೇ ಬಂದುಬಿಟ್ಟ ಕಥೆ ಹೇಳುತ್ತೇನೆ. ನಮ್ಮ ಜೋಳದಿಂದಲೂ ಬೀರಿಗೆ ತಕ್ಕ ಒಳ್ಳೆಯ ಮಾಲ್ಟ್ ಆಗುತ್ತದೆಂದು ತೋರಿಸುವ ಹಟ ಮಾಮಾಗೆ. ಜೋಳ ನೆನೆಹಾಕಿ, ಒದ್ದೆ ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಮಾಳಿಗೆಯ ಮೇಲೆ ಒಣಗಿಸಿ, ಮೊಳಕೆ ಬೇರನ್ನೆಲ್ಲ ಉಜ್ಜಿ ಉದುರಿಸಿ ಒಂದು ಚೀಲದಲ್ಲಿ ತುಂಬಿಟ್ಟಿದ್ದರು. ಮುಂದೇನು ಎಂದು ನಾನು ಕೇಳಿದಾಗ, "ಇಲ್ಲಿಗೆ ಅರ್ಧ ಬೀರು ಆದಂಗ. ಉಳಿದ ಅರ್ಧಕ್ಕ ಅಬಕಾರಿಯವರು ಲೈಸೆನ್ಸ್ ಕೊಡಬೇಕು, ನಿಮ್ಮ ಅತ್ತಿ ಒಲಿ ಕೊಡಬೇಕು. ಅಬಕಾರಿಯವರಾದ್ರೂ ಕೊಟ್ಟಾರು" ಎಂದಿದ್ದರು.

ಅಮಾವಾಸ್ಯೆ ಬಂತು. ಮಸ್ಕಿಯ ಮುಪ್ಪಿನ ಅಯ್ಯನವರನ್ನು ಮನೆಗೆ ಕರೆದು, ಪಾದ ತೊಳೆದು, ಪ್ರಸಾದ ಮಾಡಿಸುವುದು ಅತ್ತೆಯ ತವರಿನಿಂದ ಬಂದ ಪದ್ಧತಿ. ಬೇಸಿಗೆಯ ದಿನ, ಅಯ್ಯನವರಿಗೆ ಅಂಬಲಿ ಎಂದರೆ ಪ್ರಾಣ. ಅತ್ತೆ ಮಾಳಿಗೆಯ ಮೇಲಿದ್ದ ಚೀಲವನ್ನು ತಾವೇ ಒಣಗಲು ಹಾಕಿದ ಜೋಳವೆಂದುಕೊಂಡು ಗಿರಣಿಗೆ ಕಳಿಸಿ ಹಿಟ್ಟು ಮಾಡಿಸಿದ್ದರು. ಮುಂಜಾನೆ ಸಣ್ಣ ಉರಿಯ ಮೇಲೆ ದೊಡ್ಡ ಬೋಗುಣಿ ಇಟ್ಟು ತಿರುವುತ್ತಿದ್ದರೆ, ಅಂಬಲಿ ಗಟ್ಟಿಯಾಗುವ ಬದಲು ತೆಳ್ಳಗಾಗತೊಡಗಿತು. ಅತ್ತೆ ಇನ್ನೊಂದು ಹಿಡಿ ಹಿಟ್ಟು ಹಾಕಿದರು. ಇನ್ನೂ ತೆಳ್ಳಗಾಯಿತು! ಮತ್ತೊಂದು ಹಿಡಿ ಹಾಕಿದರು. ಬೋಗುಣಿಯಲ್ಲಿ ತಿಳಿನೀರು. ಇಷ್ಟು ವರ್ಷ ಅಡುಗೆ ಮಾಡಿದ ಕೈ ಹೀಗೆ ಸೋತದ್ದು ಕಂಡು ಅವರ ಕಣ್ಣಲ್ಲಿ ನೀರು ಬಂತು. ಬೇರೆ ಮಾಡಲು ಹೊತ್ತಿರಲಿಲ್ಲ, ಅಯ್ಯನವರು ಬಾಗಿಲಿಗೆ ಬಂದಿದ್ದರು. ಹಾಗೇ ಆರಿಸಿ, ಮಜ್ಜಿಗೆ ಬೆರೆಸಿ ಬಡಿಸಿದರು.

ಅಯ್ಯನವರು ಒಂದು ಗುಟುಕು ಕುಡಿದು ನಿಲ್ಲಿಸಿದರು. "ಬೆಲ್ಲ ಹಾಕೀಯೇನವ್ವಾ?"

"ಇಲ್ರಿ ಅಯ್ಯನವರ, ಬರೇ ಜ್ವಾಳದ ಹಿಟ್ಟು" ಎಂದರು ಅತ್ತೆ.

ಮಾಮಾ ಸುಮ್ಮನಿರಬಹುದಿತ್ತು. ಆದರೆ ಮೂಗು ಆಗಲೇ ಸುಳಿವು ಹಿಡಿದಿತ್ತು. ಬೋಗುಣಿಗೆ ಬಗ್ಗಿ ಮೂಸಿದವರೇ, ಮೊಳಕೆ ಬಂದ ಕಾಳಿಗೆ ಹಿಟ್ಟನ್ನೇ ಸಕ್ಕರೆಯಾಗಿ ಒಡೆಯುವ ಗುಣವಿರುತ್ತದೆಂದೂ, ಅದಕ್ಕೇ ಇದು ತೆಳ್ಳಗಾಗಿ ಸಿಹಿಯಾಗಿದೆಯೆಂದೂ ಸಂತೋಷ ತಡೆಯಲಾರದೆ ವಿವರಿಸಿ, ಕೊನೆಗೆ ಹೇಳಬಾರದ ಮಾತನ್ನೂ ಹೇಳಿಬಿಟ್ಟರು: "ಅಯ್ಯನವರ, ಇದು ಅರ್ಧ ಬೀರು."

ಅತ್ತೆ ಕಂಬ ಹಿಡಿದುಕೊಂಡರು. ಅಯ್ಯನವರು ಬಟ್ಟಲು ಪೂರ್ತಿ ಖಾಲಿ ಮಾಡಿ, ಮೀಸೆ ಒರೆಸಿಕೊಂಡು ಹೇಳಿದರು: "ಉಳಿದ ಅರ್ಧ ಹಾಕಬ್ಯಾಡ್ರಿ, ಇಷ್ಟ ಸಾಕು. ಇನ್ನೊಂದು ಬಟ್ಟಲ ನೀಡವ್ವಾ."

ಅಯ್ಯನವರ ಕೃಪೆಯಿಂದ ಅತ್ತೆಯ ಮಾನ ಉಳಿಯಿತು, ಮಾಮಾನ ಪ್ರಾಣವೂ ಉಳಿಯಿತು. ಆದರೆ ಮೂಸುವ ಮಾತನ್ನು ಇನ್ನು ಈ ಮನೆಯಲ್ಲಿ ಎತ್ತಕೂಡದೆಂದು ಅತ್ತೆ ಆಣೆ ಹಾಕಿದರು. ಮಾಮಾ ಎತ್ತಲಿಲ್ಲ. ಸಿಂಧನೂರಿಗೆ ಬಂದಾಗ ನನ್ನ ಮುಂದೆ ಮಾತ್ರ, "ಆಕಿ ಒಮ್ಮೆ ಮೂಸಿದ್ರ ಸಾಕಿತ್ತು ನೋಡು. ಆಕಿ ಮೂಗು ನನ್ನ ಮೂಗಿಗಿಂತ ಚುರುಕು ಐತಿ" ಎನ್ನುತ್ತಿದ್ದರು.

ಹೋದ ಚಳಿಗಾಲದಲ್ಲಿ ಮಾಮಾಗೆ ಜ್ವರ ಬಂತು. ಜ್ವರ ಹೋಯಿತು, ಹೋಗುವಾಗ ವಾಸನೆಯನ್ನು ಒಯ್ದಿತು. ಮಲ್ಲಿಗೆಯೂ ಇಲ್ಲ, ಸೀಮೆಎಣ್ಣೆಯೂ ಇಲ್ಲ. ಸಿಂಧನೂರಿಗೆ ಬರುವುದನ್ನು ನಿಲ್ಲಿಸಿದರು. ವೇಟರು ನನ್ನನ್ನು ಕಂಡಾಗಲೆಲ್ಲ, "ಸಾಹೇಬ್ರು ಎಲ್ಲಿ ಅದಾರ್ರಿ?" ಎಂದು ಕೇಳುತ್ತಿದ್ದ. ನಾನು ಲಿಂಗಸೂಗೂರಿಗೆ ಹೋಗಿ ನೋಡಿದರೆ, ಗಂಟೆಗಟ್ಟಲೆ ಮಾತಾಡುತ್ತಿದ್ದ ಮನುಷ್ಯ ಕಟ್ಟೆಯ ಮೇಲೆ ಸುಮ್ಮನೆ ಕೂತಿದ್ದರು. ಸಾರು ಸೀದರೂ ತಿಳಿಯದೆ ಉಣ್ಣುತ್ತಿದ್ದರು. ದಿನಾ ಎರಡು ಹೊತ್ತು ಘಾಟಿನ ವಸ್ತುಗಳನ್ನು ಮೂಸಿಸಿ, ವಾಸನೆ ನಿಧಾನಕ್ಕೆ ಮರಳಬಹುದು ಎಂದು ಡಾಕ್ಟರು ಹೇಳಿದ್ದರಂತೆ. ಅತ್ತೆ ಲವಂಗ, ಕರ್ಪೂರ, ನಿಂಬೆ ಸಿಪ್ಪೆ, ಒಂದೊಂದನ್ನೇ ಅವರ ಮೂಗಿಗೆ ಹಿಡಿಯುತ್ತಿದ್ದರು. ಮಾಮಾ ಒಂದೊಂದಕ್ಕೂ ತಲೆ ಅಲ್ಲಾಡಿಸುತ್ತಿದ್ದರು.

ಒಂದು ದಿನ ಅತ್ತೆಯ ಫೋನು ಬಂತು. ಧ್ವನಿ ತಗ್ಗಿಸಿ ಮಾತಾಡುತ್ತಿದ್ದರು.

"ತಮ್ಮಾ, ಬರುವಾಗ ಅದನ್ನೊಂದು ತಗೊಂಡ್ ಬಾ."

"ಯಾವುದ್ರಿ ಅತ್ತಿ?"

"ನಿಮ್ಮ ಮಾಮಾ ಮೂಸ್ತಾರಲ್ಲ, ಅದು. ಪ್ಯಾಪರಿನ್ಯಾಗ ಸುತ್ತಿ ತಾ. ಆಜೂಬಾಜೂದವರು ನೋಡಬಾರ್ದು."

ಹಾಗೇ ಸುತ್ತಿ ಒಯ್ದುಕೊಟ್ಟೆ. ಅತ್ತೆ ಅದನ್ನು ಸ್ಟೀಲಿನ ಲೋಟಕ್ಕೆ ಸುರಿದು, ಅತ್ತಿತ್ತ ನೋಡಿ, ಮಾಮಾನ ಮೂಗಿನ ಹತ್ತಿರ ಹಿಡಿದರು. ಮಾಮಾ ಉದ್ದಕ್ಕೆ ಉಸಿರೆಳೆದುಕೊಂಡರು. ಮತ್ತೆ ಎಳೆದುಕೊಂಡರು. ತಲೆ ಅಲ್ಲಾಡಿಸಿದರು. "ಇಲ್ಲ. ಬಿಲ್ಕುಲ್ ಇಲ್ಲ" ಎಂದು ಮುಖ ತಿರುಗಿಸಿಕೊಂಡರು. ಅವರು ಅತ್ತದ್ದನ್ನು ನಾನು ಹಿಂದೆಂದೂ ಕಂಡಿರಲಿಲ್ಲ.

ಅತ್ತೆ ಸೆರಗು ಸರಿಮಾಡಿಕೊಂಡು, ಮಾಮಾನ ಪಕ್ಕದಲ್ಲಿ ಕೂತು, ಲೋಟವನ್ನು ತಮ್ಮ ಮೂಗಿಗೇ ಹಿಡಿದರು. ಮಾಮಾ ತಿರುಗಿ ನೋಡಿದರು. ಕೇಳಿದರು:

"ಏನ್ ಬಂತು?"

"ತಡೀರಿ, ಅವಸರ ಮಾಡಬ್ಯಾಡ್ರಿ." ಅತ್ತೆ ಕಣ್ಣು ಮುಚ್ಚಿದರು. "ಮೊದಲ ರೊಟ್ಟಿ ಹಂಚಿನ ವಾಸನಿ. ಆಮ್ಯಾಲ ಒಂಚೂರು ಕಹಿ, ಮೆಂತೆಪಲ್ಲೆ ಕೈಯಾಗ ಹಿಸುಕಿದಂಗ. ಹಿಂದಿಂದ… ನಮ್ಮ ತವರಮನಿ ನೆಲದೊಳಗಿನ ಹಗೇವು ತೆಗೆದಾಗ ಹಳೀ ಜ್ವಾಳದ ಬಿಸಿ ವಾಸನಿ ಬರತಿತ್ತು ನೋಡ್ರಿ, ಅದು."

"ಹಗೇವು," ಎಂದರು ಮಾಮಾ. "ನನಗ ಇದು ತಿಳಿದೇ ಇರಲಿಲ್ಲ." ಎಳೆಯ ಹುಡುಗನಂತೆ ಕೇಳಿದರು: "ಇನ್ನೊಮ್ಮೆ ಹೇಳು."

ಅತ್ತೆ ಇನ್ನೊಮ್ಮೆ ಮೂಸಿದರು. ಇನ್ನೊಮ್ಮೆ ಹೇಳಿದರು. ಮಾಮಾ ಅವರ ಭುಜಕ್ಕೆ ಒರಗಿ ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದರು.